ದಾರ ಕುಡಿದ ಬಾಯಿ

ಮಾರ್ಚ್ 9, ಭಾನುವಾರ

“ಅಕ್ಕಾ, ನಿನ್ನ ಚಿಂತೆಯನ್ನೆಲ್ಲ ತಂದು ನನ್ನ ಕಿವೀಲಿ ಸುರೀಬೇಡ, ಎಳೆ ತಪ್ಪುತ್ತೆ. ಎಲ್ಲಾದ್ರೂ ಬರೆದಿಟ್ಕೋ” ಎಂದಳು ಲಿಬಿ. ತಮಾಷೆಗೆ ಹೇಳಿದ್ದು. ನಾನು ಅಂಗಡಿಗೆ ಹೋಗಿ ನಿಜವಾಗಿಯೂ ಒಂದು ನೋಟ್‌ಬುಕ್ ತಂದುಬಿಟ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ ಇದು. ಅಮ್ಮ ಜೇಡರಬಲೆ ಕಸೂತಿಯ ಚೌಕಟ್ಟು ಬಿಟ್ಟು ಏಳುತ್ತಿರಲಿಲ್ಲ, ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗುವುದಕ್ಕೆ ಒಬ್ಬರು ಬೇಕಾಗಿತ್ತು. ಆ ತಂಗಿಗೆ ಈಗ ಐವತ್ತೆರಡು. ನಾನು ಇನ್ನೂ ಇಳಿಸಿಲ್ಲ.

ಗ್ಯಾಸ್ ಸಿಲಿಂಡರ್ ಸುಸ್ ಎನ್ನುತ್ತಿದೆಯೋ ನನ್ನ ಕಿವಿಯೇ ಹಾಗೋ ಗೊತ್ತಾಗುತ್ತಿಲ್ಲ. ಕರಿ ಕೋಳಿ ಮೊಟ್ಟೆ ನಿಲ್ಲಿಸಿದೆ. ಅಂಗಳದ ಮಾವಿನ ಮರ ಒಂದಲ್ಲ ಒಂದು ಸಿಡಿಲಿಗೆ ನಮ್ಮ ಮೇಲೇ ಬೀಳುತ್ತದೆ, ಬರೆದಿಟ್ಟಿದ್ದೇನೆ. ಇವೆಲ್ಲ ಹಳೆಯವು. ಹೊಸದು ಲಿಬಿಯ ಎಡಗಣ್ಣು. ಮೇಲಿನ ರೆಪ್ಪೆಯ ಹೊರಮೂಲೆಯಲ್ಲಿ ಊತ. ನೋವಿಲ್ಲ, ಕೆಂಪಿಲ್ಲ, ಕೀವಿಲ್ಲ. ಮುಟ್ಟಿದರೆ ರಬ್ಬರಿನ ಹಾಗಿದೆ. ನೋವಿಲ್ಲದ್ದೇ ನನಗೆ ಹೆದರಿಕೆ.

ಪಕ್ಕದ ಮನೆಯಲ್ಲಿ ಬೇರು ಸೊಪ್ಪು ಕುಟ್ಟಿ ಮಾರುವ, ಬೀದಿಯವರೆಲ್ಲ ಮರ್ಯಾದೆಗೆ ನ್ಯಾ ಎಂದು ಕರೆಯುವ ಕಾಂದೆ ಬೇಲಿಯ ಮೇಲಿಂದಲೇ ನೋಡಿದಳು. “ಕಣ್ಣಿನ ಕುರು ಕಣೇ ಗುಮೆ. ನಿಮ್ಮಮ್ಮನ ಏಳೆಳೆ ಉಂಗುರ ಇದ್ಯಲ್ಲ, ಬಟ್ಟೆಗೆ ತಿಕ್ಕಿ ಬಿಸಿ ಮಾಡಿ ಒತ್ತು. ಚಿನ್ನಕ್ಕೆ ಹೆದರದ ಕುರೂನ ನಾನು ಕಂಡೇ ಇಲ್ಲ.”

ಒತ್ತಿದೆ. ಲಿಬಿ ಕಣ್ಣು ಮುಚ್ಚಿ ಕೂತಿದ್ದಳು, ನಗುತ್ತಾ. “ಮದುವೆ ಆಗದೋಳಿಗೆ ಕೊನೆಗೂ ಉಂಗುರ ಬಂತು ನೋಡು, ಅದೂ ಕಣ್ಣಿಗೆ.”

ಮಾರ್ಚ್ 21, ಶುಕ್ರವಾರ

ಊತ ಇಳಿದಿದೆ! ಕಣ್ಣು ಕಾಯುವ ಸಂತ ಲೂಸಿಯಮ್ಮನಿಗೆ ಎರಡು ಮೇಣದಬತ್ತಿ. ಅಮ್ಮನ ಉಂಗುರಕ್ಕೆ ಮುತ್ತು ಕೊಟ್ಟೆ.

ಇದೇ ವಾರ ಲಿಬಿ ಮೊಣಕಾಲಿಗೆ, ಬೆರಳ ಗಂಟುಗಳಿಗೆ ಔಷಧಿ ಅಂಗಡಿಯವನ ಹತ್ತಿರ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಳು. ವರ್ಷಕ್ಕೆ ಮೂರು ನಾಲ್ಕು ಸಲ ಚುಚ್ಚಿಸಿಕೊಳ್ಳುತ್ತಾಳೆ, ಕಸೂತಿಯವರೆಲ್ಲ ಚುಚ್ಚಿಸಿಕೊಳ್ಳುತ್ತಾರೆ. ಹಾಗಾಗಿ ಅವಳ ಕೈಯೂ ಚುರುಕಾಗಿದೆ. ಸಂಜೆ ಇಬ್ಬರೂ ಮರದ ಕೆಳಗೆ ಕೂತು ತೆರೆರೆ ಕುಡಿದೆವು. ಎಲೆಪುಡಿಯ ಮೇಲೆ ಸುರಿಯುವ ತಣ್ಣೀರಿಗೆ ಪುದೀನ ಹಾಕಿದ್ದೆ. ಕೊಂಬಿನ ಲೋಟ ಅವಳಿಂದ ನನಗೆ, ನನ್ನಿಂದ ಅವಳಿಗೆ. ಹೂಜಿ ಖಾಲಿಯಾದದ್ದು ತಿಳಿಯಲೇ ಇಲ್ಲ, ಮತ್ತೆ ತುಂಬಿಸಿದೆ. ಈ ವರ್ಷ ಸೆಕೆ ಬಿಡುವ ಹಾಗೆ ಕಾಣುವುದಿಲ್ಲ.

ನ್ಯಾ ಕಾಂದೆ ಬೀದಿಗೆಲ್ಲ ಸಾರಿದ್ದಾಳೆ. ಇವತ್ತು ಯಾರೋ ಕುರುವಿನ ಮಗುವನ್ನು ಎತ್ತಿಕೊಂಡು ಬಂದರು, ಉಂಗುರ ಕೇಳಿಕೊಂಡು. ಕೊಟ್ಟು, ಅವರು ಹಿಂದಿರುಗಿಸುವವರೆಗೆ ಬಾಗಿಲಲ್ಲೇ ನಿಂತಿದ್ದೆ.

ಏಪ್ರಿಲ್ 16, ಪವಿತ್ರ ವಾರದ ಬುಧವಾರ

ಬೆಳಿಗ್ಗೆಯಿಂದ ಚಿಪಾ ರೊಟ್ಟಿಯ ಕೆಲಸ. ಮಣ್ಣಿನ ಒಲೆಗೆ ಕಟ್ಟಿಗೆ ತುಂಬಿಸಿ, ಮರಗೆಣಸಿನ ಹಿಟ್ಟಿಗೆ ಗಿಣ್ಣು, ಮೊಟ್ಟೆ, ಸೋಂಪು ಹಾಕಿ ನಾದುವಾಗ ಅಮ್ಮ ಪಕ್ಕದಲ್ಲೇ ಇದ್ದ ಹಾಗಿತ್ತು. ಅವಳು ಹಿಟ್ಟು ನಾದುವವಳಲ್ಲ, ಅಪ್ಪಣೆ ಕೊಡುವವಳು. ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕೆನ್ನೆಯೊಳಗೆ ಒಂದು ಸಿಂಪಿನ ಗುಂಡಿ ಇಟ್ಟುಕೊಂಡು. ಗುಂಡಿ ಹಲ್ಲಿಗೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದಿನಲ್ಲೇ ಅವಳ ಮನಸ್ಸು ನಮಗೆ ತಿಳಿಯುತ್ತಿತ್ತು. ನಿಧಾನವಾಗಿದ್ದರೆ ಹೂ ಸರಿ ಬರುತ್ತಿದೆ. ಬಿರುಸಾಗಿದ್ದರೆ ನಾವು ಹಿತ್ತಲಿಗೆ ಓಡುತ್ತಿದ್ದೆವು. ಒಮ್ಮೆ ಲಿಬಿ ಕೇಳಿದ್ದಳು, ಗುಂಡಿ ಯಾಕಮ್ಮಾ ಎಂದು. “ಬಾಯಿ ಒಣಗುತ್ತೆ ಮಗಳೇ. ದಾರ ಬಾಯಿ ಕುಡಿಯುತ್ತೆ.”

ನಮ್ಮ ಬೀದಿಯಲ್ಲಿ ಇದು ಎಲ್ಲರೂ ಹೇಳುವ ಮಾತು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುವುದು, ಎಳೆ ಕೂರದಿದ್ದರೆ ಮತ್ತೆ ಬಾಯಿಗೆ, ದಿನವಿಡೀ ಅದೇ. ಜೇಡನಿಗೆ ಹೊಟ್ಟೆಯಿಂದ ನೂಲು, ಹೆಂಗಸಿಗೆ ಬಾಯಿಯಿಂದ. ಐವತ್ತು ದಾಟಿದ ಕಸೂತಿಗಾರ್ತಿಯ ಬಾಯಿ ಒಣಗಿದ್ದರೆ ಅದು ಮರ್ಯಾದೆ, ಅಷ್ಟು ದುಡಿದಿದ್ದಾಳೆ ಎಂದು ಅರ್ಥ. ನನಗೆ ಆ ಮರ್ಯಾದೆ ಸಿಗಲಿಲ್ಲ. ನನ್ನ ಗಂಟುಗಳು ಬಿಚ್ಚಿಹೋಗುತ್ತಿದ್ದವು. “ನಿನ್ನ ಕೈಗೂ ಚಿಂತೆ” ಎಂದು ಅಮ್ಮ ಹನ್ನೆರಡು ವರ್ಷಕ್ಕೇ ನನ್ನಿಂದ ಸೂಜಿ ಕಿತ್ತುಕೊಂಡು ಗಂಜಿ ಹಾಕುವ ಕೆಲಸ ಕೊಟ್ಟಳು. ಇವತ್ತಿಗೂ ಅದೇ. ಲಿಬಿ ನೇಯುತ್ತಾಳೆ, ನಾನು ಗಂಜಿಯಲ್ಲದ್ದಿ ಬಿಸಿಲಿಗಿಡುತ್ತೇನೆ.

ಚಿಪಾ ಈ ಸಲ ಸರಿ ಬರಲಿಲ್ಲ. ಲಿಬಿ ಒಂದು ತುಂಡು ಬಾಯಿಗಿಟ್ಟು ಅಗಿದು ಅಗಿದು ಕೊನೆಗೆ ಕಷಾಯದಲ್ಲಿ ಅದ್ದಿ ನುಂಗಿದಳು. ನನಗೂ ಗಂಟಲಲ್ಲಿ ಮರಳು ಇಳಿದ ಹಾಗಾಯಿತು. ಹಿಟ್ಟಿನವನು ಮೋಸ ಮಾಡಿದ್ದಾನೆ, ಹಳೆಯ ಹಿಟ್ಟು. ನ್ಯಾ ಕಾಂದೆ ಮಾತ್ರ ಐದು ತಿಂದಳು. ಅವಳಿಗೇನು, ಕಲ್ಲು ಕೊಟ್ಟರೂ ತಿನ್ನುತ್ತಾಳೆ.

ಮೇ 13, ಮಂಗಳವಾರ

ಮತ್ತೆ ಬಂದಿದೆ. ಮೊದಲಿಗಿಂತ ದಪ್ಪ. ಕಣ್ಣುಗುಡ್ಡೆಯೇ ಸ್ವಲ್ಪ ಕೆಳಕ್ಕೆ, ಒಳಕ್ಕೆ ಸರಿದ ಹಾಗಿದೆ. ಹತ್ತು ದಿನದಿಂದ ಒತ್ತುತ್ತಿದ್ದೇನೆ, ಉಂಗುರಕ್ಕೆ ಬಗ್ಗುತ್ತಿಲ್ಲ. ಇವತ್ತು ಲಿಬಿ ಸೂಜಿ ಪೋಣಿಸಲಾರದೆ ಕೂತಳು.

“ಎರಡೆರಡು ಸೂಜಿ ಕಾಣ್ತಿದೆ ಅಕ್ಕ. ಯಾವುದಕ್ಕೆ ಪೋಣಿಸ್ಲಿ?”

“ದೊಡ್ಡದಕ್ಕೆ” ಎಂದೆ. ಅವಳು ನಕ್ಕಳು. ನಾನು ಒಳಗೆ ಹೋಗಿ ಗೋಡೆ ಹಿಡಿದುಕೊಂಡೆ.

ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ಹೋದ ಸಲ ಅಲ್ಲಿಗೆ ಹೋಗಿದ್ದು ಅಮ್ಮನ ಜೊತೆ, ಬಂದದ್ದು ಅಮ್ಮ ಇಲ್ಲದೆ.

ಮೇ 20, ಮಂಗಳವಾರ

ಹೋಗಿ ಬಂದೆವು. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತದೆ.

ಡಾಕ್ಟರ್ ಸುಲ್ಮಾ ಚಿಕ್ಕ ಹುಡುಗಿಯ ಹಾಗಿದ್ದಾಳೆ, ಕೂದಲು ಜಡೆ ಹಾಕಿದ್ದಾಳೆ. ಕಣ್ಣು ನೋಡಿದಳು, ಕತ್ತಿನ ಎರಡೂ ಕಡೆ ಮುಟ್ಟಿ ನೋಡಿದಳು. ಆಮೇಲೆ ಕಣ್ಣಿಗೆ ಸಂಬಂಧವೇ ಇಲ್ಲದ ಪ್ರಶ್ನೆ.

“ನ್ಯಾ ಲಿಬಿ, ಒಣ ಚಿಪಾ ನೀರಿಲ್ದೆ ನುಂಗ್ತೀರಾ?”

“ಅಯ್ಯೋ, ಎಷ್ಟೋ ವರ್ಷ ಆಯ್ತು ಡಾಕ್ಟ್ರಮ್ಮ. ನಾವು ಕಸೂತಿಯೋರು. ದಾರ ಬಾಯಿ ಕುಡಿಯುತ್ತಲ್ಲ.”

“ದಾರ ಕಣ್ಣನ್ನೂ ಕುಡಿಯುತ್ತಾ?” ಎಂದಳು ಹುಡುಗಿ. ಒಂದೊಂದು ಕಣ್ಣಿನ ಕೆಳರೆಪ್ಪೆಗೂ ಒಂದೊಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿದಳು. ಕಣ್ಣು ಮುಚ್ಚಿ ಕೂತಿರಿ ಎಂದಳು. ಸ್ವಲ್ಪ ಹೊತ್ತಿಗೆ ಆ ಕಾಗದ ನೆನೆದು ಕೆಳಗಿಳಿಯಬೇಕಂತೆ. ಲಿಬಿಯ ಪಟ್ಟಿಗಳು ಗಂಜಿ ಹಾಕಿ ಒಣಗಿಸಿದ ಹಾಗೆ ಗರಿಗರಿಯಾಗಿ ನಿಂತಿದ್ದವು.

ಇದು ದಾರದಿಂದಲ್ಲವಂತೆ. ಮೈಯ ಕಾವಲುಗಾರರೇ ದಾರಿ ತಪ್ಪಿ, ಕಣ್ಣೀರು ಮತ್ತು ಎಂಜಲಿನ ಗ್ರಂಥಿಗಳನ್ನು ಶತ್ರು ಎಂದು ತಿಳಿದು ಮೇಲೆ ಬೀಳುವ ರೋಗವಂತೆ. ಗಂಟುನೋವೂ ಅದರದ್ದೇ. ಯಾರೋ ಹೊರದೇಶದ ಡಾಕ್ಟರ ಹೆಸರು ಅದಕ್ಕೆ, ಶೋಗ್ರೆನ್ ಎಂದು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಬೇಲಿ ಹೊಲದಲ್ಲಿ ಎಷ್ಟು ವರ್ಷದಿಂದ ಮೇಯುತ್ತಿತ್ತೋ!

ನಾನು ಉಂಗುರದ ವಿಷಯ ಹೇಳಿದೆ. ಮಾರ್ಚಿನಲ್ಲಿ ಇಳಿದಿತ್ತಲ್ಲ ಎಂದೆ. ಅವಳು ನಗಲಿಲ್ಲ. “ಆ ವಾರ ಬೇರೇನಾದ್ರೂ ಔಷಧಿ ತಗೊಂಡ್ರಾ?” ಎಂದು ಕೇಳಿದಳು. ಲಿಬಿ ಇಂಜೆಕ್ಷನ್ ಎಂದಳು.

“ಅದೇ. ಅದು ಊತಾನ ಇಳಿಸುತ್ತೆ, ಕಾಯಿಲೇನ ಬಚ್ಚಿಡುತ್ತೆ. ಒಳಗೆ ಇರೋದು ಏನು ಅಂತ ಒಂದು ಚೂರು ತೆಗೆದು ನೋಡ್ಬೇಕು. ಅಲ್ಲೀವರೆಗೆ ಆ ಇಂಜೆಕ್ಷನ್ ಬೇಡ. ನೋವು ಬಂದ್ರೆ ನನ್ನ ಕೇಳಿ, ಅಂಗಡಿಯೋನ್ನ ಕೇಳ್ಬೇಡಿ.”

“ಏನಿರಬಹುದು ಡಾಕ್ಟ್ರಮ್ಮ?” ಎಂದೆ.

“ನೋಡದೆ ಹೇಳಲ್ಲ, ನ್ಯಾ ಗುಮೆ.”

ನಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ ಎಂದೂ ಕೇಳಿದಳು. ಇಲ್ಲ ಎಂದೆ. ಅಮ್ಮನ ಕಣ್ಣು ಕೊನೆಯವರೆಗೂ ಗಿಡುಗನ ಕಣ್ಣು.

ಮೇ 21

ಉಂಗುರ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅದರ ಮೇಲೆ ಸಿಟ್ಟಿಲ್ಲ. ಅದನ್ನು ನೋಡಿದರೆ ಎರಡು ತಿಂಗಳು ಹೋಯಿತಲ್ಲ ಅನ್ನಿಸುತ್ತದೆ.

ಜೂನ್ 24, ಸಂತ ಜುವಾನರ ಹಬ್ಬ

ಹೋದ ವಾರ ಚೂರು ತೆಗೆದರು. ರೆಪ್ಪೆಯ ಮಡಿಕೆಯಲ್ಲೇ ಕುಯ್ದು ಹೊಲಿದಿದ್ದಾರೆ. ಲಿಬಿ ಕನ್ನಡಿಯಲ್ಲಿ ಹೊಲಿಗೆ ಪರೀಕ್ಷೆ ಮಾಡಿದಳು. “ಪರವಾಗಿಲ್ಲ, ಕೈ ಸಾಫಾಗಿದೆ. ಆದ್ರೆ ಗಂಟು ನಿನ್ನ ಥರ, ಅಕ್ಕ.”

ಇಂಜೆಕ್ಷನ್ ಇಲ್ಲದೆ ಅವಳ ಬೆರಳು ಮಡಚುತ್ತಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆಗೆ ನೋವು ಅರ್ಧ ಬಗ್ಗುತ್ತದೆ. ಬೆಳಿಗ್ಗೆ ನಾನೇ ಬಿಸಿನೀರಲ್ಲಿ ಅವಳ ಕೈ ಇಟ್ಟು ಒಂದೊಂದೇ ಬೆರಳು ಬಿಡಿಸುತ್ತೇನೆ. ಚಿಕ್ಕವಳಿದ್ದಾಗ ಮುಷ್ಟಿಯಲ್ಲಿ ಮಿಡತೆ ಹಿಡಿದು ಬಿಡುತ್ತಿರಲಿಲ್ಲ, ಆಗಲೂ ಹೀಗೇ ಬಿಡಿಸುತ್ತಿದ್ದೆ.

ಬೀದಿಯಲ್ಲಿ ಹುಡುಗರು ಚಿಂದಿ ಸುತ್ತಿ ಬೆಂಕಿ ಹಚ್ಚಿದ ಹಬ್ಬದ ಚೆಂಡು ಒದೆಯುತ್ತಿದ್ದಾರೆ. ನಾವೂ ಒದ್ದಿದ್ದೆವು, ಲಂಗ ಎತ್ತಿ ಕಟ್ಟಿ. ಒಂದು ಸಲ ಲಿಬಿಯ ಲಂಗದ ಅಂಚಿಗೆ ಕಿಡಿ ಹತ್ತಿ, ಅಮ್ಮ ಒಂದು ಕೊಡ ನೀರು ಸುರಿದು, ಆಮೇಲೆ ಇಬ್ಬರಿಗೂ ಬಾರಿಸಿ, ಆಮೇಲೆ ತಬ್ಬಿಕೊಂಡಿದ್ದಳು. ಆ ಕ್ರಮ ಅವಳು ಎಂದೂ ತಪ್ಪಿಸುತ್ತಿರಲಿಲ್ಲ. ಹೊಗೆ ಇಲ್ಲಿಯವರೆಗೆ ಬರುತ್ತಿದೆ. ನನ್ನ ಕಣ್ಣಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ.

ಜುಲೈ 8, ಮಂಗಳವಾರ

ಲಿಂಫೋಮಾ. ಡಾಕ್ಟರ್ ಸುಲ್ಮಾ ನಿಧಾನವಾಗಿ ಹೇಳಿದಳು, ನಾನು ಎರಡು ಸಲ ಹೇಳಿಸಿದೆ. ಕಾವಲುಗಾರರು ಕಣ್ಣೀರಿನ ಗ್ರಂಥಿಯಲ್ಲಿ ಬಿಡಾರ ಹೂಡಿ ಕೂತೂ ಕೂತೂ, ಅವರಲ್ಲೊಬ್ಬ ಕೆಟ್ಟು, ತನ್ನಂಥವರನ್ನೇ ಹುಟ್ಟಿಸುತ್ತಾ ಹೋಗಿದ್ದಾನೆ. ಈ ಒಣ ರೋಗದವರಲ್ಲಿ ಎಲ್ಲರಿಗೂ ಹೀಗಾಗುವುದಿಲ್ಲವಂತೆ, ಕೆಲವರಿಗೆ ಮಾತ್ರ.

“ಕ್ಯಾನ್ಸರ್ರೇ ತಾನೇ?” ಎಂದಳು ಲಿಬಿ.

“ಹೌದು. ಆದ್ರೆ ಸೋಮಾರಿ ಕ್ಯಾನ್ಸರ್. ತೆವಳ್ಕೊಂಡು ಹೋಗೋ ಜಾತಿ. ಸ್ಕ್ಯಾನಲ್ಲಿ ಬೇರೆ ಎಲ್ಲೂ ಕಾಣ್ತಿಲ್ಲ, ಅದು ನಮ್ಮ ಅದೃಷ್ಟ. ಆಸುನ್ಸಿಯಾನ್‌ಗೆ ಹೋಗಿ ಕೆಲವು ವಾರ ಕಿರಣ ಕೊಡಿಸ್ಕೋಬೇಕು.”

“ಕಣ್ಣು?”

“ಉಳಿಸೋಕೆ ಅಂತಾನೇ ಮಾಡ್ತಿರೋದು. ಮಾತು ಕೊಡಲ್ಲ. ಆಸೆ ಇಟ್ಕೊಳ್ಳಿ ಅಂತೀನಿ.”

ಹೊರಗೆ ಬೆಂಚಿನ ಮೇಲೆ ಕೂತೆವು. ನನಗೆ ಅಳು ಬಂತು, ಎದೆ ತುಂಬಾ ಬಂತು, ಕಣ್ಣು ಉರಿದವು, ಅಷ್ಟೇ. ಅಲ್ಲಿ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಆ ಗಾಳಿಗೆ ಯಾರ ಕಣ್ಣೂ ಒಣಗುತ್ತದೆ.

ಅಮ್ಮ ಹೋದಾಗ ಎಷ್ಟು ಅತ್ತಿದ್ದೆ! ಇಡೀ ಬೀದಿಗೆ ಕೇಳುವ ಹಾಗೆ. ಲಿಬಿ ಶವಪೆಟ್ಟಿಗೆಯ ಪಕ್ಕ ಕಲ್ಲಿನ ಹಾಗೆ ಕೂತಿದ್ದಳು. ಒಂದು ಹನಿ ಇಲ್ಲ. ಹೆಂಗಸರು ಜಪಸರ ಎಣಿಸುತ್ತಾ ಅವಳನ್ನೇ ನೋಡುತ್ತಿದ್ದರು. “ಅಮ್ಮನ ಹತ್ರ ಇದ್ದೋಳು ಇವಳೇ, ಕೈಕೆಲಸ ಎಲ್ಲಾ ಕಲಿತೋಳು ಇವಳೇ, ನೋಡಿ, ಕಣ್ಣು ಮರುಭೂಮಿ” ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಆಗ ನಾನು ತಂಗಿಯನ್ನು ತಬ್ಬಿಕೊಳ್ಳುವ ನೆಪದಲ್ಲಿ ಅವಳ ಕಪ್ಪು ಶಾಲಿನ ಮರೆಯಲ್ಲಿ ಕೈ ಹಾಕಿ, ಹೂವಿನ ಜಾಡಿಯ ನೀರಲ್ಲಿ ಬೆರಳು ಅದ್ದಿ ಅವಳ ಎರಡೂ ಕಣ್ಣ ಕೆಳಗೆ ಗೆರೆ ಎಳೆದಿದ್ದೆ. ನೀರು ಗಲ್ಲದವರೆಗೆ ಇಳಿಯಿತು. ಲಿಬಿ ಬೆಚ್ಚಿ ನನ್ನನ್ನು ನೋಡಿದಳು. “ಸುಮ್ನಿರು” ಎಂದಿದ್ದೆ. ಹೆಂಗಸರು ಸಮಾಧಾನಗೊಂಡು ಮುಂದಿನ ಮಣಿಗೆ ಹೋದರು.

ಅವತ್ತು ನನಗೂ ಒಳಗೊಳಗೇ ಅನ್ನಿಸಿತ್ತು, ಇವಳೆಂಥ ಗಟ್ಟಿ ಎಂದು. ಅವಳ ಕಣ್ಣಲ್ಲಿ ಅಳುವುದಕ್ಕೆ ಸಾಮಾನೇ ಇರಲಿಲ್ಲ. ಅದೂ ಎಷ್ಟು ವರ್ಷದ ಹಿಂದಿನ ಮಾತು.

ಆಗಸ್ಟ್ 1, ಶುಕ್ರವಾರ

ಆಗಸ್ಟ್ ಮುದುಕರನ್ನೂ ಬಡಕಲು ದನಗಳನ್ನೂ ಒಯ್ಯುವ ಚಳಿ ತಿಂಗಳು. ಬೆಳಿಗ್ಗೆ ನ್ಯಾ ಕಾಂದೆ ಕಬ್ಬಿನ ಸಾರಾಯಿಗೆ ಸದಾಪು ಸೊಪ್ಪು, ನಿಂಬೆ ಹಾಕಿದ ಶೀಶೆ ಹಿಡಿದು ಬಂದಳು. ಖಾಲಿ ಹೊಟ್ಟೆಗೆ ಒಂದೊಂದು ಗುಟುಕು. ಲಿಬಿಗೆ ಮಾತ್ರ ಎರಡು ಸುರಿದಳು.

“ನಿನ್ನ ಸೊಪ್ಪು ಡಾಕ್ಟ್ರಿಗೆ ಗೊತ್ತಾದ್ರೆ ಬೈತಾರೆ” ಎಂದೆ.

“ಡಾಕ್ಟ್ರು ಕಣ್ಣು ನೋಡ್ಕೊಳ್ಳಲಿ. ಆಗಸ್ಟನ್ನ ನಾನು ನೋಡ್ಕೋತೀನಿ.” ಆಮೇಲೆ ಮೆಲ್ಲಗೆ, “ಗುಮೆ, ನಾನು ಅವತ್ತು ಉಂಗುರ ಅಂದಿದ್ದು…” ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನು ಅವಳ ಕೈಗೆ ಶೀಶೆಯ ಮುಚ್ಚಳ ಕೊಟ್ಟೆ. ಅವಳು ಮುಚ್ಚಿದಳು.

ಸೋಮವಾರದಿಂದ ರಾಜಧಾನಿ ಆಸುನ್ಸಿಯಾನ್. ದಿನಾ ಬಸ್ಸು. ನಾನು ಒಬ್ಬಳೇ ಆ ಊರಿನ ರಸ್ತೆ ದಾಟಿದವಳಲ್ಲ. ತಪ್ಪು ಬಸ್ಸು ಹತ್ತಿದರೆ? ಇಳಿಯುವ ಕಡೆ ಇಳಿಯದಿದ್ದರೆ? ಆ ಯಂತ್ರದ ಕಿರಣ ಒಂದು ಕೂದಲೆಳೆ ಆಚೆ ಬಿದ್ದರೆ?

ಆಗಸ್ಟ್ 19, ಮಂಗಳವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಲಿಬಿ ನನ್ನ ಭುಜದ ಮೇಲೆ ನಿದ್ದೆ. ಡ್ರೈವರಿಗೆ ನಾವು ಗೊತ್ತು ಈಗ. “ಏನ್ ನ್ಯಾ ಗುಮೆ, ಇವತ್ತೂ ಕಿಟಕಿ ಪಕ್ಕವಾ?” ಎನ್ನುತ್ತಾನೆ. ಕಿರಣದ ಕೋಣೆಯಲ್ಲಿ ಅವಳ ಮುಖಕ್ಕೆ ಬಲೆಯ ಹಾಗಿರುವ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ, ಅಲುಗಾಡಬಾರದೆಂದು. ಮೊದಲ ದಿನ ನೋಡಿ ಲಿಬಿ ಅಂದಳಂತೆ, “ಇದನ್ನ ನೇಯ್ದೋರಿಗೆ ಹೂ ಹಾಕೋಕೆ ಬರಲ್ವಾ?” ಅಲ್ಲಿನವರೆಲ್ಲ ನಕ್ಕರಂತೆ.

ಇವತ್ತು ಸರತಿಯಲ್ಲಿ ಒಬ್ಬ ದೊಡ್ಡ ಮನುಷ್ಯ ನಮ್ಮ ಮುಂದೆ ನುಗ್ಗಿದ. “ಅಣ್ಣಾ, ಹಿಂದೆ. ಕಾಯಿಲೆ ಎಲ್ಲರಿಗೂ ಒಂದೇ” ಎಂದೆ. ಹಿಂದೆ ಹೋದ. ಲಿಬಿ ನನ್ನನ್ನೇ ನೋಡುತ್ತಿದ್ದಳು. ಏನೇ ಎಂದರೆ, ಏನಿಲ್ಲ ಎಂದಳು.

ನೀರಿನ ಬಾಟಲಿ ಮನೆಯಲ್ಲೇ ಮರೆತಿದ್ದೆ. ದಾರಿಯಲ್ಲಿ ಕೊಂಡುಕೊಳ್ಳುವವರೆಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಸ್ಸಿನ ಧೂಳು.

ಸೆಪ್ಟೆಂಬರ್ 14, ಭಾನುವಾರ

ಲಪಾಚೋ ಮರಗಳು ಎಲೆ ಕಳೆದುಕೊಂಡು ಬರೀ ಗುಲಾಬಿ ಹೂವಾಗಿ ನಿಂತಿವೆ. ಲಿಬಿಯ ರೆಪ್ಪೆ ಚಪ್ಪಟೆಯಾಗಿದೆ. ಸೂಜಿ ಒಂದೇ ಕಾಣುತ್ತಿದೆ. ರೆಪ್ಪೆಯ ಕೂದಲು ಅಲ್ಲಲ್ಲಿ ಉದುರಿವೆ, ಕಣ್ಣಿಗೆ ಗಂಟೆಗೊಮ್ಮೆ ಹನಿ ಬಿಡುತ್ತೇನೆ. ದಾರ ಒದ್ದೆ ಮಾಡುವುದಕ್ಕೆ ಅವಳು ಈಗ ಪಕ್ಕದಲ್ಲೊಂದು ಬಟ್ಟಲು ನೀರು ಇಟ್ಟುಕೊಂಡಿದ್ದಾಳೆ. ಇಷ್ಟು ಸುಲಭದ ಉಪಾಯ ನಮ್ಮ ಅಮ್ಮಂದಿರಿಗೆ ಯಾಕೆ ಹೊಳೆಯಲಿಲ್ಲವೋ. ಬಾಯಲ್ಲದ ನೀರಿನಿಂದ ನೇಯ್ದರೆ ಬಲೆ ಅಲ್ಲ ಎನ್ನುತ್ತಿದ್ದರು.

ಇವತ್ತು ಹಳೆ ದಾರದ ಡಬ್ಬಿ ತೊಳೆಯುವಾಗ ತಳದಲ್ಲಿ ಅಮ್ಮನ ಗುಂಡಿ ಸಿಕ್ಕಿತು! ಅವಳ ಜೊತೆ ಮಣ್ಣಿಗೆ ಹೋಯಿತೆಂದು ತಿಳಿದಿದ್ದೆವು. ಒಂದು ಕಡೆ ಸವೆದು ತೆಳ್ಳಗಾಗಿದೆ, ಅವಳ ಕೆನ್ನೆಯ ಕಡೆ. ನೋಡುತ್ತಾ ನೋಡುತ್ತಾ ತೊಳೆದು ಬಾಯಿಗೆ ಹಾಕಿಕೊಂಡುಬಿಟ್ಟೆ. ಎಷ್ಟು ಹಿತ! ನಾಲಿಗೆಯ ಕೆಳಗೆ ಸ್ವಲ್ಪ ನೀರೂರಿತು. ಮಧ್ಯಾಹ್ನವೆಲ್ಲ ಇಟ್ಟುಕೊಂಡೇ ಗಂಜಿ ಕೆಲಸ ಮಾಡಿದೆ. ಸೀಬೆ ಹೂವಿನ ಮೇಜುವಸ್ತ್ರ, ಅಂಗಳದಲ್ಲಿ ಚೌಕಟ್ಟಿಗೆ ಬಿಗಿದು ಬಿಸಿಲಿಗಿಟ್ಟಿದ್ದೆ, ಅದರ ನೆರಳು ಕೆಂಪು ಮಣ್ಣಿನ ಮೇಲೆ. ಅಮ್ಮ, ನಾನು, ಲಿಬಿ, ಮೂವರೂ ಅಲ್ಲೇ ಇದ್ದ ಹಾಗಾಯಿತು.

ಒಳಗಿನಿಂದ ಲಿಬಿ ಕೂಗಿದಳು, “ಅಮ್ಮಾ?”

ಆಮೇಲೆ ಬಾಗಿಲಿಗೆ ಬಂದಳು. ಮುಖ ಬಿಳುಪಾಗಿತ್ತು. ನನ್ನ ಬಾಯಿಂದ ಟಿಕ್ ಟಿಕ್ ಬರುತ್ತಿತ್ತಂತೆ.

“ಬಾಯಲ್ಲೇನು?”

ತೆಗೆದು ತೋರಿಸಿದೆ. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡೆ. ಅವಳು ಗುಂಡಿ ನೋಡಲಿಲ್ಲ, ನನ್ನ ನಾಲಿಗೆ ನೋಡಿದಳು.

“ಅಕ್ಕಾ, ಊಟದಲ್ಲಿ ಒಂದು ತುತ್ತಿಗೆ ಒಂದು ಗುಟುಕು ನೀರು ಕುಡೀತೀಯ. ಯಾವಾಗಿಂದ?”

“ಸೆಕೆ ಕಣೇ.”

“ಜುಲೈ ಚಳೀಲೂ ಸೆಕೆನಾ?”

“ವಯಸ್ಸು. ಎಲ್ಲರ ಬಾಯೂ ಒಣಗುತ್ತೆ. ಅಮ್ಮ ಹೇಳ್ತಿರಲಿಲ್ವಾ, ದಾರ…”

“ನೀನು ದಾರ ಬಾಯಿಗಿಟ್ಟು ಎಷ್ಟು ಕಾಲ ಆಯ್ತು, ಅಕ್ಕ?”

ಗಂಜಿ ಒಣಗುತ್ತಿದೆ ಎಂದು ಎದ್ದು ಹೋದೆ. ಕಾಯಿಲೆ ಬಂದು ಹೋದವರಿಗೆ ಎಲ್ಲರಲ್ಲೂ ಕಾಯಿಲೆ ಕಾಣುತ್ತದೆ. ನನ್ನ ಚಿಂತೆಯ ರೋಗ ಅವಳಿಗೂ ಹತ್ತಿತು, ಪಾಪ.

ಸೆಪ್ಟೆಂಬರ್ 15

ಲಿಬಿ ಇಡೀ ದಿನ ಚೌಕಟ್ಟು ಬಿಟ್ಟು ಏಳಲಿಲ್ಲ. ಸಂಜೆ ಒಂದೇ ಮಾತು. “ಅಮ್ಮನಿಗೂ ದಾರ ಅಲ್ಲ, ಅಕ್ಕ.”

ನಾನು ನೋಟ್‌ಬುಕ್ ಹಿಂದಕ್ಕೆ ತಿರುಗಿಸಿ ಓದಿದೆ. ಹಿಟ್ಟಿನವನು ಮೋಸ ಮಾಡಿಲ್ಲ ಅನ್ನಿಸುತ್ತದೆ.

ಅಕ್ಟೋಬರ್ 21, ಮಂಗಳವಾರ

ಲಿಬಿಯ ತಪಾಸಣೆ. ಹೊಸ ಸ್ಕ್ಯಾನ್ ನೋಡಿ ಡಾಕ್ಟರ್ ಸುಲ್ಮಾ ಮೊದಲು ನಕ್ಕಳು, ಆಮೇಲೆ ಮಾತಾಡಿದಳು. ಊತವಿಲ್ಲ. ಕಣ್ಣು ಉಳಿದಿದೆ. ಕೆಲವು ತಿಂಗಳಿಗೊಮ್ಮೆ ನೋಡುತ್ತಲೇ ಇರಬೇಕು, ಅದು ಮತ್ತೆ ಬಂದರೂ ಬರಬಹುದು, ಬಂದರೆ ಬೇಗ ಹಿಡಿಯುತ್ತೇವೆ ಎಂದಳು.

ನಾನು ಚೀಲ ಎತ್ತಿಕೊಂಡೆ. ಲಿಬಿ ಏಳಲಿಲ್ಲ.

“ಇವತ್ತು ಇಬ್ಬರು ಬಂದಿದೀವಿ, ಡಾಕ್ಟ್ರಮ್ಮ” ಎಂದಳು. “ಅಕ್ಕಾ, ಕೂತ್ಕೋ.”

“ಏ, ನನಗೇನು…”

“ಕೂತ್ಕೋ ಅಂದೆ.”

ಕೂತೆ. ನಾನು ಎತ್ತಿ ಆಡಿಸಿದ ಹುಡುಗಿ ಅಮ್ಮನ ದನಿಯಲ್ಲಿ ಹೇಳಿದರೆ ಏನು ಮಾಡಲಿ. ಡಾಕ್ಟರ್ ನನ್ನ ಕಣ್ಣಿಗೂ ಆ ಕಾಗದದ ಪಟ್ಟಿಗಳನ್ನು ಸಿಕ್ಕಿಸಿದಳು. ಕಣ್ಣು ಮುಚ್ಚಿ ಕೂತೆ. ಕತ್ತಲಲ್ಲಿ ಲಿಬಿ ನನ್ನ ಮಣಿಕಟ್ಟು ಹಿಡಿದಿದ್ದಳು. ಹಿಡಿಯುವುದು ಯಾವಾಗಲೂ ನನ್ನ ಕೆಲಸವಾಗಿತ್ತು.

ತೆಗೆದಾಗ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನನ್ನ ಪಟ್ಟಿಗಳೂ ಗರಿಗರಿ.

“ಹೆದರ್ಬೇಡಿ” ಎಂದಳು ಡಾಕ್ಟರ್. “ಒಣ ರೋಗ ಇದೆ ಅಂದ ಮಾತ್ರಕ್ಕೆ ತಂಗಿಗೆ ಬಂದದ್ದು ಬರುತ್ತೆ ಅಂತಲ್ಲ. ಹೆಚ್ಚಿನೋರಿಗೆ ಬರೋದೇ ಇಲ್ಲ. ರಕ್ತ ಪರೀಕ್ಷೆ ಮಾಡೋಣ. ಬೇಗ ಗೊತ್ತಾದದ್ದು ಒಳ್ಳೇದಾಯ್ತು. ಯಾರು ಕಂಡುಹಿಡಿದ್ರು?”

“ನಮ್ಮಮ್ಮ” ಎಂದಳು ಲಿಬಿ.

ಹೊರಗೆ ಅದೇ ಬೆಂಚು, ತಲೆಯ ಮೇಲೆ ಅದೇ ಫ್ಯಾನ್. ಇವತ್ತು ಅದು ತಿರುಗುತ್ತಿರಲಿಲ್ಲ. ಆದರೂ ಕಣ್ಣು ಹಾಗೇ ಉರಿದವು, ಅಮ್ಮನಿಗಾಗಿ, ಲಿಬಿಯ ಉಳಿದುಕೊಂಡ ಕಣ್ಣಿಗಾಗಿ. ನನಗಾಗಿಯೂ ಸ್ವಲ್ಪ ಇರಬಹುದು. ಒಂದು ಹನಿ ಬರಲಿಲ್ಲ. ಎದುರು ಬೆಂಚಿನ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು.

ಲಿಬಿ ತೆರೆರೆಯ ಹೂಜಿಯ ಮುಚ್ಚಳ ತೆಗೆದಳು. ಕುಡಿಯುವುದಕ್ಕೆ ಎಂದುಕೊಂಡೆ. ಅವಳು ನನ್ನನ್ನು ತಬ್ಬಿಕೊಳ್ಳುವ ಹಾಗೆ ಹತ್ತಿರ ಸರಿದು, ಬೆರಳು ಅದ್ದಿ, ನನ್ನ ಎರಡೂ ಕಣ್ಣ ಕೆಳಗೆ ಗೆರೆ ಎಳೆದಳು.

“ಸುಮ್ನಿರು” ಎಂದಳು.

ನೀರು ಗಲ್ಲದವರೆಗೆ ಇಳಿಯಿತು. ತಣ್ಣಗಿತ್ತು, ಪುದೀನದ ವಾಸನೆ. ನಾನು ಒರೆಸಿಕೊಳ್ಳಲಿಲ್ಲ.